ಬೋರಿನ ನೀರು ಮತ್ತು ಬಿ.ಎಸ್ಸಿ. ಪಾಠ



ಪಿಯುಸಿ ಮುಗಿಸಿದ ಮಕ್ಕಳು ಪರಿಸರ ರಸಾಯನಶಾಸ್ತ್ರ ಓದಬೇಕೆಂದರೆ ದೂರದ ದೊಡ್ಡ ಊರಿನ ಹೆಸರನ್ನೇ ಮೊದಲು ಹುಡುಕುತ್ತಾರೆ. ಹುಲಿಹೈದರದಂಥ ಊರಿನ ಮಕ್ಕಳಿಗೆ ನಾನು ಬೇರೆಯೇ ಮಾತು ಹೇಳಬೇಕೆಂದಿದ್ದೇನೆ. ಮೊದಲು ಗಂಗಾವತಿ ತಾಲ್ಲೂಕಿನಲ್ಲಿದ್ದು ಈಗ ಕನಕಗಿರಿಗೆ ಸೇರಿರುವ ಈ ಹೋಬಳಿಯ ಆಚೆ ಕುಷ್ಟಗಿ, ಯಲಬುರ್ಗಾದ ಒಣ ನೆಲವಿದೆ. ಈ ವಿದ್ಯೆಗೆ ಬೇಕಾದ ಪ್ರಶ್ನೆಗಳೆಲ್ಲ ಅಲ್ಲಿನ ಕೊಳವೆಬಾವಿಗಳಲ್ಲೇ ಇವೆ.

ಅವುಗಳಲ್ಲಿ ದೊಡ್ಡದು ಫ್ಲೋರೈಡ್. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಎನ್ನುತ್ತದೆ ನಮ್ಮ ದೇಶದ ಮಾನದಂಡ. ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿಗೆ ಕಂದು ಕಲೆ ಬೀಳುತ್ತದೆ, ದೊಡ್ಡವರ ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾಯಿಸಿದರೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ.

ಈ ನೀರಿಗೇ ಏಕೆ ಹೀಗೆ? ನಮ್ಮ ಕಾಲ ಕೆಳಗಿರುವುದು ಗ್ರಾನೈಟ್ ಮತ್ತು ನೈಸ್ ಶಿಲೆ. ಅದರೊಳಗಿನ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಫ್ಲೋರೈಡ್ ಹೆಚ್ಚು ಕರಗಲಾರದು. ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವ ಕಡೆ ಕ್ಯಾಲ್ಸಿಯಂ ಸುಣ್ಣದ ಗಂಟಾಗಿ ಮಣ್ಣಿನಲ್ಲೇ ಉಳಿದುಬಿಡುತ್ತದೆ. ಸೋಡದ ಅಂಶ ಹೆಚ್ಚಿರುವ ನೀರು ಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತು ಫ್ಲೋರೈಡನ್ನು ಎಳೆದುಕೊಳ್ಳುತ್ತದೆ. ಪಿಯುಸಿಯಲ್ಲಿ ಅಂಕಕ್ಕಾಗಿ ಬಾಯಿಪಾಠ ಮಾಡುವ ಸಾಲ್ಯುಬಿಲಿಟಿ ಪ್ರಾಡಕ್ಟ್ ಎಂಬ ಲೆಕ್ಕ ಇದೇ. ಪಿಯುಸಿ ಓದುವ ಹುಡುಗಿಗೆ ತನ್ನ ಅಜ್ಜಿಯ ಬಿಗಿದ ಮೊಣಕಾಲಿಗೂ ಈ ಲೆಕ್ಕಕ್ಕೂ ಇರುವ ನಂಟನ್ನು ಯಾವ ಮೇಷ್ಟ್ರಾದರೂ ಒಮ್ಮೆ ತೋರಿಸಿಕೊಟ್ಟರೆ ಆ ಹುಡುಗಿ ರಸಾಯನಶಾಸ್ತ್ರವನ್ನು ಬಿಡುವುದಿಲ್ಲ.

ಇನ್ನು ಅಳೆಯುವ ಕೆಲಸ. ನೀರನ್ನು ಗಾಜಿನ ಬಾಟಲಿಯಲ್ಲಿ ಅಲ್ಲ, ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ತರಬೇಕು. ಜಿರ್ಕೋನಿಯಂ ಮತ್ತು ಒಂದು ಬಣ್ಣ ಸೇರಿದ ಕೆಂಪು ದ್ರಾವಣಕ್ಕೆ ಅದನ್ನು ಹಾಕಿದರೆ ಫ್ಲೋರೈಡ್ ಜಿರ್ಕೋನಿಯಂ ಅನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ, ಕೆಂಪು ಮಾಸುತ್ತದೆ. ಎಷ್ಟು ಮಾಸಿತೋ ನೋಡಿ ಪ್ರಮಾಣ ಹೇಳಬಹುದು. ಆದರೆ ನೀರಿನಲ್ಲಿ ಅಲ್ಯೂಮಿನಿಯಂ ಇದ್ದರೆ ಈ ಲೆಕ್ಕ ತಪ್ಪುತ್ತದೆ. ಅಂಥ ಅಡ್ಡಿಗಳನ್ನು ಗುರುತಿಸಿ, ಅದೇ ಮಾದರಿಯನ್ನು ಮತ್ತೆ ಅಳೆದು, ತನ್ನ ಅಂಕಿಗೆ ತಾನೇ ಹೊಣೆ ಹೊರುವುದನ್ನು ಪದವಿ ಕಲಿಸಬೇಕು.

ಅಳತೆಯ ಬೆಲೆ ತಿಳಿಯಲು ಒಂದು ಹಳೆಯ ಉದಾಹರಣೆ ಸಾಕು. ಅಮೆರಿಕದ ಕೊಲರಾಡೊದಲ್ಲಿ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು 1901ರಿಂದ ಇಂಥದೇ ಕಂದು ಹಲ್ಲುಗಳ ಬೆನ್ನು ಹತ್ತಿದ್ದರು. ಕಾರಣ ಗೊತ್ತಾದದ್ದು 1931ರಲ್ಲಿ, ಒಂದು ಅಲ್ಯೂಮಿನಿಯಂ ಕಂಪನಿಯ ರಸಾಯನಶಾಸ್ತ್ರಜ್ಞ ಎಚ್.ವಿ. ಚರ್ಚಿಲ್ ನೀರನ್ನು ಪರೀಕ್ಷಿಸಿದಾಗ. 1937ರ ಹೊತ್ತಿಗೆ ನಮ್ಮ ಮದ್ರಾಸ್ ಪ್ರಾಂತ್ಯದಲ್ಲೂ ಈ ಕಾಯಿಲೆ ವರದಿಯಾಯಿತು.

ಪರಿಹಾರಗಳನ್ನೂ ರಸಾಯನಶಾಸ್ತ್ರದ ಕಣ್ಣಿನಿಂದಲೇ ನೋಡಬೇಕು. ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ ಮತ್ತು ಸುಣ್ಣ ಹಾಕಿ ಕಲಕಿ, ಗಸಿ ಕೂತ ಮೇಲೆ ನೀರು ಬಸಿಯುತ್ತಾರೆ. ಫ್ಲೋರೈಡ್ ಸೇರಿದ ಆ ಗಸಿಯನ್ನು ಏನು ಮಾಡುವುದು? ಊರೂರಿನ ಶುದ್ಧ ಕುಡಿಯುವ ನೀರಿನ ಘಟಕ ಫ್ಲೋರೈಡನ್ನು ನಾಶ ಮಾಡುವುದಿಲ್ಲ, ಬೇರ್ಪಡಿಸುತ್ತದೆ ಅಷ್ಟೆ. ಘಟಕ ಹೊರಹಾಕುವ ನೀರಿನಲ್ಲಿ ಅದು ಮೊದಲಿಗಿಂತ ದಟ್ಟವಾಗಿರುತ್ತದೆ. ಆ ನೀರನ್ನು ಘಟಕದ ಹಿಂದಿನ ಗುಂಡಿಗೆ ಬಿಡುವುದು ತಪ್ಪು. ಇದನ್ನು ಪಂಚಾಯಿತಿಯಲ್ಲಿ ಎದ್ದು ನಿಂತು ಹೇಳಲು ಊರಿನಲ್ಲಿ ಓದಿದವರೊಬ್ಬರು ಬೇಕು.

ಪರಿಸರ ರಸಾಯನಶಾಸ್ತ್ರ ಎಂಬ ಹೆಸರಿನದೇ ಪದವಿ ನಮ್ಮ ಸುತ್ತಿನ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಅದಕ್ಕೆ ಅಂಜಬೇಕಿಲ್ಲ. ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಹಿಡಿಯಿರಿ, ಜೊತೆಗೆ ಗಣಿತವೋ ಭೂವಿಜ್ಞಾನವೋ ಇದ್ದರೆ ಇನ್ನೂ ಒಳ್ಳೆಯದು. ಎಂ.ಎಸ್ಸಿ.ಗೆ ಕುವೆಂಪು, ಮೈಸೂರು, ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿ ಪರಿಸರ ವಿಜ್ಞಾನ ವಿಭಾಗಗಳಿವೆ. ಸುಪ್ರೀಂ ಕೋರ್ಟ್ 1991ರಲ್ಲಿ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ನೀಡಿದ ಆದೇಶದಿಂದಾಗಿ ಎಲ್ಲ ಪದವಿಯವರೂ ಪರಿಸರ ಅಧ್ಯಯನ ಓದುವಂತಾಯಿತು. ಆ ಒಂದು ಪತ್ರಿಕೆ ಅರಿವು ಕೊಡುತ್ತದೆ, ಅಳೆಯುವ ಕೈ ಕೊಡುವುದಿಲ್ಲ. ನೀರು ಪರೀಕ್ಷಾ ಪ್ರಯೋಗಾಲಯಕ್ಕೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ, ಕಾರ್ಖಾನೆಗಳಿಗೆ ಬೇಕಾದದ್ದು ಆ ಕೈ.

ಪದವಿ ಕಾಲೇಜಿನ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಪುಸ್ತಕದಿಂದ ವಿಷಯ ಕೊಡಬೇಡಿ. ವಿದ್ಯಾರ್ಥಿಗಳು ತಮ್ಮ ಊರಿನ ಒಂದೊಂದು ಬೋರಿನ ನೀರನ್ನೂ ಮುಂಗಾರಿಗೆ ಮೊದಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ ಪರೀಕ್ಷಿಸಲಿ. ಬಂದ ಅಂಕಿಗಳನ್ನು ಕನ್ನಡದಲ್ಲಿ ಬರೆದು ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚಲಿ.