ಬಂದವರು ಮತ್ತು ಇದ್ದವರು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ನಡೆದ ವಿಚಾರಗೋಷ್ಠಿಯಲ್ಲಿ ಮೊದಲ ತಂಡದ ವಿದ್ಯಾರ್ಥಿ, ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟ ವಿಷಯ ‘ನಿರಾಶ್ರಿತರು: ಸ್ವಾಗತ ಮತ್ತು ಹೊಂದಾಣಿಕೆ’. ಮುಂಡರಗಿಯಲ್ಲಿ ನಿಂತು ನಿರಾಶ್ರಿತರ ಬಗ್ಗೆ ಏನು ಹೇಳಲಿ ಎಂದು ಸಂಘಟಕರನ್ನು ಕೇಳಿದೆ. “ಸರ್, ಮುಂಡಗೋಡದಾಗ ಒಂಬತ್ತು ವರ್ಷ ಮಾಸ್ತರಿಕಿ ಮಾಡೀರಲ್ರೀ, ಟಿಬೆಟ್‌ನವರ ಸುದ್ದಿ ಹೇಳ್ರಿ” ಎಂದರು. ಹೌದು, ಮಾಡಿದ್ದೇನೆ. ನಮ್ಮವ್ವ ಯಾರ ಕೈಯಲ್ಲೋ ಬರೆಸಿ ಹಾಕಿದ ಪತ್ರ ಮುಂಡಗೋಡಕ್ಕೆ ಬರುವ ಬದಲು ಮುಂಡರಗಿಯ ಅಂಚೆಯಲ್ಲೇ ಸುತ್ತಿ ಅವಳ ಮನೆಗೇ ವಾಪಸು ಹೋದದ್ದೂ ಉಂಟು. ಎರಡೂ ಊರಿನ ಹೆಸರು ಅಷ್ಟು ಹತ್ತಿರ.

1959ರಲ್ಲಿ ದಲೈಲಾಮಾ ಟಿಬೆಟ್ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಬಂದರು. ಮೊದಲು ಅವರಲ್ಲಿ ಬಹಳಷ್ಟು ಮಂದಿ ಹಿಮಾಲಯದ ರಸ್ತೆ ಕೆಲಸದಲ್ಲಿ ಕಲ್ಲು ಒಡೆದರು. ಇವರನ್ನು ಎಲ್ಲಿ ಇರಿಸುವುದೆಂದು ನೆಹರೂ ರಾಜ್ಯಗಳನ್ನು ಕೇಳಿದಾಗ, ಅಂದಿನ ಮೈಸೂರು ರಾಜ್ಯ ದೊಡ್ಡ ಮನಸ್ಸು ಮಾಡಿತು. ನಿಜಲಿಂಗಪ್ಪನವರ ಹೆಸರನ್ನು ಟಿಬೆಟ್‌ನ ಹಿರಿಯರು ಇಂದಿಗೂ ನೆನೆಯುತ್ತಾರೆ. ಮೊದಲು ಬೈಲಕುಪ್ಪೆ, ನಂತರ 1966ರಲ್ಲಿ ಮುಂಡಗೋಡ. ಮುಂಡಗೋಡದಲ್ಲಿ ಕೊಟ್ಟದ್ದು ಸುಮಾರು 4000 ಎಕರೆ ಅಡವಿ. ಹಿಮದ ನಾಡಿನವರು ಮಲೆನಾಡಿನ ಸೆರಗಿನ ಮಳೆಯಲ್ಲಿ ಗಿಡ ಕಡಿದು ಗೋವಿನಜೋಳ ಬಿತ್ತಿದರು. ಡ್ರೆಪುಂಗ್, ಗಾಂಡೆನ್ ಎಂಬ ಅವರ ಎರಡು ದೊಡ್ಡ ಮಠಗಳು ಅಲ್ಲಿಯೇ ಮತ್ತೆ ತಲೆ ಎತ್ತಿದವು. ಸುತ್ತಲಿನ ಜನ ಅದಕ್ಕೆ ‘ಲಾಮಾ ಕ್ಯಾಂಪ್’ ಎನ್ನುತ್ತಾರೆ.

ಇಷ್ಟು ಹೇಳಿ ಚಪ್ಪಾಳೆ ಪಡೆದು ಕೂರಬಹುದು. ಆದರೆ ಆ ಕ್ಯಾಂಪಿನ ಅಂಚಿನ ಹಳ್ಳಿಯ ಮುದುಕರೊಬ್ಬರು ಒಮ್ಮೆ ನನಗೆ ಹೇಳಿದ ಮಾತನ್ನೂ ಹೇಳಬೇಕು. “ಮಾಸ್ತರ, ಸರಕಾರ ಭೂಮಿ ಕೊಟ್ತು, ಖರೆ. ಆ ಅಡವಿಯೊಳಗ ನಮ್ಮ ದನ ಮೇಯ್ತಿದ್ವು. ನಮ್ಮನ್ಯಾರೂ ಕೇಳಲಿಲ್ಲ.” ಆತನಿಗೆ ಲಾಮಾಗಳ ಮೇಲೆ ಸಿಟ್ಟಿರಲಿಲ್ಲ, ಮಗ ಅವರ ಹೊಲದಲ್ಲೇ ಕೂಲಿಗೆ ಹೋಗುತ್ತಿದ್ದ. ಸ್ವಾಗತ ಕೋರುವವರು ರಾಜಧಾನಿಯಲ್ಲಿರುತ್ತಾರೆ, ಜಾಗ ಬಿಡುವವರು ಬಡವರು. ಈ ವಿಷಯದ ಬಗ್ಗೆ ನಾನು ಓದಿದ ಎಷ್ಟೋ ಲೇಖನಗಳಲ್ಲಿ ಈ ಮುದುಕನಿಗೆ ಜಾಗವೇ ಇಲ್ಲ. ಆತನಿಗೆ ಸಿಗಬೇಕಾದ ನೀರು, ರಸ್ತೆ, ಆಸ್ಪತ್ರೆ ಸಿಗದಿದ್ದರೆ ಬಂದವರ ಮೇಲೆ ಅಸಮಾಧಾನ ಹುಟ್ಟುತ್ತದೆ, ಅದನ್ನು ಊದಿ ಉರಿಸುವವರೂ ಹುಟ್ಟಿಕೊಳ್ಳುತ್ತಾರೆ.

ಇನ್ನು ನನ್ನ ತಪ್ಪು. ಮುಂಡಗೋಡದಲ್ಲಿ ಐದಾರು ವರ್ಷ ಕಳೆದ ಮೇಲೆ, ಒಂದು ದಿನ ಶಿಕ್ಷಕರ ಕೊಠಡಿಯಲ್ಲಿ ನಾನು ಜೋರಾಗಿ ಹೇಳಿದೆ: “ಕಾಲು ಶತಮಾನದ ಮೇಲಾತು, ಇವರು ಇನ್ನೂ ನಾಲ್ಕು ಮಾತು ಕನ್ನಡ ಕಲಿತಿಲ್ಲ. ನಮ್ಮ ಅನ್ನ ಉಣ್ತಾರ, ನಮ್ಮ ಭಾಷೆ ಬ್ಯಾಡ.” ಎಲ್ಲರೂ ತಲೆಯಾಡಿಸಿದರು. ಕನ್ನಡ ಮಾಸ್ತರನಾಗಿ ಹಾಗೆ ಹೇಳುವ ಹಕ್ಕು ನನಗಿದೆ ಎಂದೇ ತಿಳಿದಿದ್ದೆ.

ಮುಂದೆ ಕೆಲವು ವರ್ಷಗಳಾದ ಮೇಲೆ ಗೋವೆಗೆ ತಮ್ಮನನ್ನು ನೋಡಲು ಹೋದೆ. ನಮ್ಮ ತಾಲೂಕಿನ ಎಷ್ಟು ಮನೆಗಳಿಂದ ಜನ ಗೋವೆಗೆ ದುಡಿಯಲು ಹೋಗಿದ್ದಾರೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ತಮ್ಮ ಅಲ್ಲಿ ಗೌಂಡಿ. ತಗಡಿನ ಖೋಲಿಯ ಬಾಡಿಗೆ ವಸೂಲಿಗೆ ಬಂದ ಮಾಲೀಕ ನನ್ನ ಮುಂದೆಯೇ ಹಿಂದಿಯಲ್ಲಿ ಅಂದ: “ಹದಿನೈದು ವರ್ಷ ಆಯ್ತು, ಈ ಜನ ಇನ್ನೂ ಕೊಂಕಣಿ ಕಲಿತಿಲ್ಲ.” ನನ್ನದೇ ಮಾತು. ಅಷ್ಟೇ ಜೋರು, ಅಷ್ಟೇ ತಾತ್ಸಾರ. ಅವನು ಹೋದ ಮೇಲೆ ತಮ್ಮನಿಗೆ, ಯಾಕೆ ಕಲಿಯಲಿಲ್ಲ ಎಂದು ಕೇಳಿದೆ. “ಅಣ್ಣಾ, ಮುಂಜಾನೆ ಏಳಕ್ಕ ಹೋಗ್ತೀನಿ, ರಾತ್ರಿ ಎಂಟಕ್ಕ ಬರ್ತೀನಿ. ಕೆಲಸದಾಗ ಇರೋರೆಲ್ಲಾ ಗದಗ, ಕೊಪ್ಪಳ, ಬಿಜಾಪುರದವ್ರು. ಕೊಂಕಣಿ ಯಾರ ಕೂಡ ಮಾತಾಡ್ಲಿ?”

ನನ್ನ ಬಳಿ ಉತ್ತರ ಇರಲಿಲ್ಲ. ತಮ್ಮ ನಿರಾಶ್ರಿತನಲ್ಲ, ತನ್ನದೇ ದೇಶದ ನಾಗರಿಕ, ಮತದಾರ. ಆದರೂ 2004ರಲ್ಲಿ ವಾಸ್ಕೋದ ಬೈನಾ ಕಡಲದಂಡೆಯಲ್ಲಿ ಗುಡಿಸಲುಗಳನ್ನು ನೆಲಸಮ ಮಾಡಿದಾಗ ಬೀದಿಗೆ ಬಿದ್ದವರಲ್ಲಿ ನಮ್ಮ ಉತ್ತರ ಕರ್ನಾಟಕದವರು ಬಹಳ. ನಾಗರಿಕನ ಗತಿಯೇ ಹೀಗಿದ್ದರೆ ಕಾಗದವಿಲ್ಲದವನ ಗತಿ ಏನು?

ತಮ್ಮನ ಮನೆಯಲ್ಲಿ ಕೊಂಕಣಿ ಕಲಿತದ್ದು ಅವನ ಮಗಳು. ಪಕ್ಕದ ಮನೆಯ ಗೋವೆಯ ಮುದುಕಿಯೊಬ್ಬಳು ಆ ಹುಡುಗಿಯನ್ನು ದಿನಾ ಸಂಜೆ ಪಡಸಾಲೆಯಲ್ಲಿ ಕೂರಿಸಿಕೊಂಡು ಮೀನು ಸ್ವಚ್ಛ ಮಾಡುತ್ತಾ ಮಾತಾಡಿಸುತ್ತಿದ್ದಳು. ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ. ಆ ಮುದುಕಿ ತಿನ್ನು ಎಂದು ಎಂದೂ ಹೇಳಲಿಲ್ಲ.

ಊರಿಗೆ ಮರಳಿದ ಮೇಲೆ ಮುಂಡಗೋಡದ ಲೆಕ್ಕವನ್ನು ಮತ್ತೆ ಹಾಕಿದೆ. ಟಿಬೆಟ್‌ನವರನ್ನು ಬೇರೆ ಕ್ಯಾಂಪುಗಳಲ್ಲಿ ಇರಿಸಿದವರು ನಾವೇ. ಅವರ ಮಕ್ಕಳಿಗೆ ಬೇರೆ ಕೇಂದ್ರೀಯ ಶಾಲೆಗಳನ್ನು ತೆರೆದವರೂ ನಾವೇ. ಅವರ ಭಾಷೆ, ಧರ್ಮ ಉಳಿಯಲಿ, ಒಂದು ದಿನ ಅವರು ತಮ್ಮ ನಾಡಿಗೆ ಮರಳಲಿ ಎಂಬುದು ಅದರ ಹಿಂದಿನ ಆಶಯ. ಅದು ಒಳ್ಳೆಯ ಆಶಯವೇ. ಆದರೆ ಪ್ರತ್ಯೇಕವಾಗಿ ಇರಿಸಿ ‘ಬೆರೆಯಲಿಲ್ಲ’ ಎಂದು ದೂರುವುದು ಹೇಗೆ? ನಿರಾಶ್ರಿತರಿಗೆ ಸಂಬಂಧಿಸಿದ 1951ರ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಮ್ಮ ಕಾನೂನಿನ ಕಣ್ಣಿನಲ್ಲಿ ಅವರು ವಿದೇಶಿಯರು, ಕಾಲಕಾಲಕ್ಕೆ ನೋಂದಣಿ ಪತ್ರ ನವೀಕರಿಸಿಕೊಳ್ಳಬೇಕು. ಉಳುವ ಭೂಮಿಗೂ ಅವರು ಒಡೆಯರಲ್ಲ. 26 ಜನವರಿ 1950ರಿಂದ 1 ಜುಲೈ 1987ರ ಒಳಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು ಎಂದು ಕಾಯ್ದೆಯಲ್ಲೇ ಇದ್ದರೂ, ಅದು ಟಿಬೆಟ್‌ನವರಿಗೂ ಅನ್ವಯಿಸುತ್ತದೆ ಎಂದು ಹೇಳಿಸಿಕೊಳ್ಳಲು ನ್ಯಾಯಾಲಯಕ್ಕೆ ಹೋಗಬೇಕಾಯಿತು. ನಮ್ಮ ಹೈಕೋರ್ಟ್ ಹಾಗೆ ಹೇಳಿದ್ದು 2013ರಲ್ಲಿ.

ಅದೇ ಹೊತ್ತಿಗೆ ಸ್ವೆಟರ್ ಮಾರುವವರನ್ನು ನೋಡಿ. ದೀಪಾವಳಿ ಮುಗಿದ ಮೇಲೆ ಹುಬ್ಬಳ್ಳಿಯಲ್ಲಿ ಅಂಗಡಿ ಹಾಕುವ ಟಿಬೆಟ್‌ನ ಹೆಣ್ಣುಮಕ್ಕಳು ನಮಗಿಂತ ಚಂದ ಚೌಕಾಶಿ ಮಾಡುತ್ತಾರೆ. “ಅಕ್ಕಾ, ಹೋದ ವರ್ಷನೂ ತುಟ್ಟಿ ಅಂದೀ, ಒಯ್ದೀ ಇಲ್ಲೋ?” ಎನ್ನುತ್ತಾರೆ. ಸರಕಾರದ ಯಾವ ಆದೇಶವೂ ಕಲಿಸಿದ ಕನ್ನಡ ಅಲ್ಲ ಅದು. ಗಿರಾಕಿ ಎದುರಿಗಿದ್ದರು, ಕಲಿತರು.

ಸಿಂಧನೂರಿನ ಕ್ಯಾಂಪುಗಳ ಬಂಗಾಳಿಗಳದು ಬೇರೆ ಕಥೆ. ಪೂರ್ವ ಬಂಗಾಳ ಬಿಟ್ಟು ಬಂದವರಿಗೆ ಅಲ್ಲಿ ನೆಲೆ ಸಿಕ್ಕಿತು, ತುಂಗಭದ್ರೆಯ ಕಾಲುವೆ ನೀರಿನ ಸೀಮೆಯಲ್ಲಿ ಭತ್ತ ಬೆಳೆದರು, ನಮ್ಮ ರೈತರ ಬದಿಗೆ ಬದಿ ಬಾಳಿದರು. ಆದರೂ ಅವರಲ್ಲಿ ಹೆಚ್ಚಿನವರಾದ ನಮಶೂದ್ರರು ಬಂಗಾಳದಲ್ಲಿ ಪರಿಶಿಷ್ಟ ಜಾತಿ, ಇಲ್ಲಿನ ಪಟ್ಟಿಯಲ್ಲಿ ಆ ಹೆಸರಿಲ್ಲ. ಮಕ್ಕಳು ಕನ್ನಡ ಕಲಿತ ಮೇಲೂ ಕಾಗದ ಅವರನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ.

ಹಾಗಾದರೆ ಬಂದವರಿಂದ ಏನನ್ನೂ ನಿರೀಕ್ಷಿಸಬಾರದೇ? ನಿರೀಕ್ಷಿಸಬೇಕು. ನಾನು ಆ ವಿಷಯದಲ್ಲಿ ಮೆತ್ತಗಿನವನಲ್ಲ. ನೆಲದ ಕಾನೂನು ಎಲ್ಲರಿಗೂ ಒಂದೇ. ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಶಾಲೆಗೆ ಬರಲೇಬೇಕು. ಕೂಲಿಗೆ ಕರೆದವರಿಗೆ ನ್ಯಾಯವಾದ ಕೂಲಿ ಕೊಡಬೇಕು. ನೆರೆಯವನ ಜೊತೆ ಮಾತಾಡುವಷ್ಟು ಭಾಷೆ ಬರಬೇಕು. ಜರ್ಮನಿಯಲ್ಲಿ ನೆಲೆಸಲು ಬಂದವರಿಗೆ ಸರಕಾರವೇ 600 ತಾಸಿನ ಭಾಷಾ ತರಗತಿ ನಡೆಸುತ್ತದೆ. ಕಲಿ ಎನ್ನುತ್ತದೆ, ಮಾಸ್ತರನನ್ನೂ ಕೊಡುತ್ತದೆ. ನಮಗಿಂತ ಬಡದೇಶವಾದ ಉಗಾಂಡಾ ಹತ್ತು ಲಕ್ಷಕ್ಕೂ ಹೆಚ್ಚು ನಿರಾಶ್ರಿತರಿಗೆ ಜಾಗ ಕೊಟ್ಟಿದೆ. 2006ರ ಕಾಯ್ದೆಯಲ್ಲಿ ದುಡಿಯುವ, ತಿರುಗಾಡುವ ಹಕ್ಕೂ ಇದೆ. ಶ್ರೀಮಂತ ಡೆನ್ಮಾರ್ಕ್ ಮಾತ್ರ, ಪೌರತ್ವ ಬೇಕಿದ್ದರೆ ಸಮಾರಂಭದಲ್ಲಿ ಕೈ ಕುಲುಕಲೇಬೇಕು ಎಂದು 2019ರಿಂದ ನಿಯಮ ಮಾಡಿತು. ಕೈ ಮುಗಿದರೆ ನಡೆಯುವುದಿಲ್ಲವಂತೆ! ನಮ್ಮೂರಿನ ಎಷ್ಟು ಮಂದಿ ಅಲ್ಲಿ ನಪಾಸಾಗುತ್ತಿದ್ದರೋ.

ಉಡುಗೆ, ಊಟ, ದೇವರು ಅವರವರ ಮನೆಯ ವಿಷಯ. ಭಾಷೆ ಹಾಗಲ್ಲ, ಅದು ನಡುಬೀದಿಯಲ್ಲಿ ಎಲ್ಲರಿಗೂ ಬೇಕಾದದ್ದು. ಆದರೆ ಅದನ್ನು ಬೇಡುವವನು ಕಲಿಸುವ ಹೊರೆಯನ್ನೂ ಹೊರಬೇಕು.

ಅನ್ನದಾನೀಶ್ವರರ ಹೆಸರು ಹೊತ್ತ ಮಠವಿರುವ ಊರಿದು. ಹಸಿದು ಬಂದವರಿಗೆ ಅನ್ನ ಹಾಕಲು ಯಾರೂ ನಮಗೆ ಕಲಿಸಬೇಕಾಗಿಲ್ಲ. ಉಂಡವರು ಎದ್ದು ಹೋಗದೆ ಇಲ್ಲೇ ಉಳಿದಾಗ ನಮಗೆ ಕಷ್ಟವಾಗುತ್ತದೆ. ಹಮ್ಮಿಗಿ ಬ್ಯಾರೇಜಿಗಾಗಿ ಬಿದರಳ್ಳಿ, ಗುಮ್ಮಗೋಳ, ವಿಠಲಾಪುರದ ಜನ ಊರು ಬಿಡಬೇಕಾದ ಸಂಕಟ ಇಲ್ಲಿ ಕುಳಿತ ಹಲವರಿಗೆ ಗೊತ್ತು. ನಾಲ್ಕು ಹರದಾರಿಯೂ ಇಲ್ಲದ ಹೊಸ ಜಾಗದಲ್ಲಿ, ನಮ್ಮದೇ ಭಾಷೆಯವರ ನಡುವೆಯೂ, ‘ನಿಮ್ಮೂರು ಯಾವುದು’ ಎಂದು ಯಾರಾದರೂ ಕೇಳಿದರೆ ಯಾವ ಹೆಸರು ಹೇಳಬೇಕೆಂದು ತಡವರಿಸಿದವರನ್ನು ನಾನು ಕಂಡಿದ್ದೇನೆ.

ಸಮಯವಾಯಿತೆಂದು ಚೀಟಿ ಬಂದಿದೆ, ಮುಗಿಸುತ್ತೇನೆ. ನಿನ್ನೆ ಮುಖ್ಯಗುರುಗಳು ಒಂದು ಮಾತು ಹೇಳಿದರು. ಈ ವರ್ಷ ಎಂಟನೇ ತರಗತಿಯಲ್ಲಿ ಉತ್ತರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬದ ಇಬ್ಬರು ಮಕ್ಕಳಿದ್ದಾರೆ, ಹಿಂದಿಯ ಹೊರತು ಏನೂ ಬಾರದು, ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುತ್ತಾರೆ ಎಂದು. ನನಗೆ ಈಗ ಪಿಂಚಣಿ ತೆಗೆದುಕೊಳ್ಳುವುದನ್ನು ಬಿಟ್ಟು ಬೇರೆ ಕೆಲಸವಿಲ್ಲ. ಮುಂದಿನ ಶನಿವಾರದಿಂದ, ಬೆಳಗಿನ ಶಾಲೆ ಬಿಟ್ಟ ಮೇಲೆ, ಒಂದು ತಾಸು ಅವರಿಗೆ ಕನ್ನಡ ಹೇಳಿಕೊಡುತ್ತೇನೆ. ಮುಖ್ಯಗುರುಗಳು ಒಂದು ಕೊಠಡಿಯ ಕೀಲಿ ಕೊಟ್ಟರೆ ಸಾಕು. ಆ ಮಕ್ಕಳ ತಂದೆ ತಾಯಿ ಈ ಸಭೆಯಲ್ಲಿ ಇಲ್ಲ, ಇವತ್ತೂ ಕೆಲಸಕ್ಕೆ ಹೋಗಿದ್ದಾರಂತೆ. ಅವರಿಗೆ ಯಾರಾದರೂ ಈ ಸುದ್ದಿ ಮುಟ್ಟಿಸಿ.