‘ಎಲ್ಲರೂ ಕಳ್ಳರು’ ಎನ್ನುವ ಮೊದಲು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)

ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ತಂತ್ರಜ್ಞಾನ ಮತ್ತು ಗ್ರಾಮೀಣ ಯುವಜನತೆ’ ಎಂದು ಹಾಕಿದ್ದಾರೆ. ಸಂಘಟಕರು ಕ್ಷಮಿಸಬೇಕು. ತಂತ್ರಜ್ಞಾನದ ಬಗ್ಗೆ ನಿಮ್ಮ ಮೊಮ್ಮಕ್ಕಳೇ ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಬೇರೊಂದು ಮಾತು ಹೇಳಬೇಕೆಂದು ಐದು ವರ್ಷದಿಂದ ಕಾಯುತ್ತಿದ್ದೇನೆ. ಅದನ್ನು ಕೇಳಬೇಕಾದವರು ಇಂದು ಮುಂದಿನ ಸಾಲಿನಲ್ಲೇ ಕೂತಿದ್ದಾರೆ.

ನಾನು ಇಲ್ಲಿ ಎಂಟನೇ ತರಗತಿಗೆ ಸೇರಿದ್ದು 2001ರಲ್ಲಿ. ಪ್ರಾರ್ಥನೆ ಮುಗಿದ ಮೇಲೆ ದಿನಪತ್ರಿಕೆಯ ಮುಖ್ಯಾಂಶ ಓದುವ ಕೆಲಸ ನನ್ನದಾಗಿತ್ತು. ಪತ್ರಿಕೆ ಕೊರಟಗೆರೆಯಿಂದ ಬಸ್ಸಿನಲ್ಲಿ ಬರಬೇಕು. ಬಸ್ಸು ತಡವಾದರೆ ನಿನ್ನೆಯದನ್ನೇ ಓದಿಬಿಡುತ್ತಿದ್ದೆ, ಯಾರೂ ಕೇಳುತ್ತಿರಲಿಲ್ಲ. ಆ ವರ್ಷವೇ ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರು ಲೋಕಾಯುಕ್ತರಾಗಿ ಬಂದರು. ಲೋಕಾಯುಕ್ತ ಕಾಯ್ದೆ 1984ರದ್ದೇ ಆದರೂ, ಹಳ್ಳಿಯವರ ಬಾಯಿಗೆ ಆ ಹೆಸರು ಬಂದದ್ದು ಅವರ ಕಾಲದಲ್ಲಿ. ಮುನ್ಸೂಚನೆ ಕೊಡದೆ ಸರ್ಕಾರಿ ಆಸ್ಪತ್ರೆಗೆ, ಕಚೇರಿಗೆ ಹೋಗಿ ಎಲ್ಲರೆದುರಿಗೇ ಗದರುತ್ತಿದ್ದರು. ಆ ಸುದ್ದಿ ಇದ್ದ ದಿನ ನನ್ನ ದನಿ ತಾನಾಗಿ ಏರುತ್ತಿತ್ತು. ಹಿಂದೆ ನಿಂತಿದ್ದ ಮೇಷ್ಟ್ರುಗಳೂ ಕಿವಿ ಕೊಡುತ್ತಿದ್ದರು.

ಅದಕ್ಕೆ ಕಾರಣ ಇತ್ತು. ನಮ್ಮಪ್ಪನಿಗೆ ಎರಡೂವರೆ ಎಕರೆ ಹೊಲ. ಪಹಣಿ ಬೇಕಾದಾಗ, ಅದನ್ನು ಬರೆದುಕೊಡಬೇಕಾದವರನ್ನು ಊರೂರು ಹುಡುಕಿಕೊಂಡು ಹೋಗಬೇಕಿತ್ತು. ಸಿಕ್ಕಿದ ದಿನ ದುಡ್ಡಿನ ಜೊತೆ ಒಂದು ಚೀಲ ಕಡಲೇಕಾಯಿ. ಅಪ್ಪ ಆ ಚೀಲವನ್ನು ಸೈಕಲ್ಲಿಗೆ ಕಟ್ಟುವಾಗ ಹಗ್ಗ ಹಿಡಿದುಕೊಳ್ಳುತ್ತಿದ್ದವನು ನಾನು. ಯಾರಿಗೆ, ಎಲ್ಲಿ ಎಂದು ಈಗ ಹೇಳುವುದಿಲ್ಲ. ನಿಮ್ಮಲ್ಲಿ ಬಹಳ ಜನ ಇಂಥದೇ ಚೀಲ ಕಟ್ಟಿದ್ದೀರಿ. ಸರ್ಕಾರದ ಮೇಲಿನ ಅಪನಂಬಿಕೆ ನಮಗೆ ಟೀವಿಯವರು ಕಲಿಸಿದ್ದಲ್ಲ, ಅದು ಮನೆಯ ಜಗಲಿಯಲ್ಲೇ ಹುಟ್ಟಿದ್ದು.

ಅದೇ ಹೊತ್ತಿಗೆ ಸದ್ದಿಲ್ಲದೆ ಇನ್ನೊಂದು ಕೆಲಸ ನಡೆಯಿತು. ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ. ಕೈಬರಹದ ಪಹಣಿಗೆ ಬೆಲೆ ಇಲ್ಲವಾಯಿತು. ಅಪ್ಪ ಮೊದಲ ಸಲ ಅದನ್ನು ತಂದ ದಿನ ಮಡಚದೆ, ಕ್ಯಾಲೆಂಡರಿನೊಳಗೆ ಸುತ್ತಿಕೊಂಡು ಬಂದಿದ್ದರು. ಖಾತೆ ಬದಲಾವಣೆಗೆ ಅಲೆಯುವುದು ಅದರಿಂದ ನಿಲ್ಲಲಿಲ್ಲ, ಅದು ನಿಮಗೂ ಗೊತ್ತು. ಆದರೆ ಕಡಲೇಕಾಯಿ ಚೀಲ ಮನೆಯಲ್ಲೇ ಉಳಿಯಿತು. ನಾನು ಪ್ರಾರ್ಥನೆಯಲ್ಲಿ ದಾಳಿಯ ಸುದ್ದಿಯನ್ನು ನೂರು ಸಲ ಓದಿರಬಹುದು, ಈ ಕಿಟಕಿಯ ಸುದ್ದಿಯನ್ನು ಒಮ್ಮೆಯೂ ಓದಿದ ನೆನಪಿಲ್ಲ. ದಾಳಿ ಸುದ್ದಿಯಾಗುತ್ತದೆ, ದುರಸ್ತಿ ಆಗುವುದಿಲ್ಲ.

ಇನ್ನು 2011ಕ್ಕೆ ಬರುತ್ತೇನೆ. ತುಮಕೂರಿನಲ್ಲಿ ಬಿಇ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ವರ್ಷವಾಗಿತ್ತು. ಏಪ್ರಿಲ್‌ನಲ್ಲಿ ಅಣ್ಣಾ ಹಜಾರೆಯವರು ದೆಹಲಿಯಲ್ಲಿ ಉಪವಾಸ ಕೂತರು, ಆಗಸ್ಟ್‌ನಲ್ಲಿ ಮತ್ತೆ ಕೂತರು. ನಾವು ಆಫೀಸು ಮುಗಿಸಿ, ಕೊರಳಲ್ಲಿ ಗುರುತಿನ ಚೀಟಿ ತೂಗಿಸಿಕೊಂಡೇ ಫ್ರೀಡಂ ಪಾರ್ಕಿಗೆ ಹೋಗುತ್ತಿದ್ದೆವು. ಕೂಗಿದೆವು, ಮೇಣದ ಬತ್ತಿ ಹಚ್ಚಿದೆವು, ಮಿಸ್ಡ್ ಕಾಲ್ ಕೊಟ್ಟೆವು. ಟೀವಿ ಕ್ಯಾಮೆರಾ ನಮ್ಮ ಕಡೆ ತಿರುಗಿದಾಗ ಇನ್ನೂ ಜೋರಾಗಿ ಕೂಗಿದೆವು. ನಿಜ ಹೇಳಬೇಕೆಂದರೆ, ಆ ಆರು ತಿಂಗಳ ಒಳಗೇ ನಾನು ಡ್ರೈವಿಂಗ್ ಲೈಸೆನ್ಸಿಗೆ ಏಜೆಂಟರೊಬ್ಬರಿಗೆ ದುಡ್ಡು ಕೊಟ್ಟೆ. ಎರಡು ದಿನ ರಜೆ ಹಾಕುವುದು ಬೇಡವಾಗಿತ್ತು, ಅಷ್ಟೇ. ಅಪ್ಪ ಚೀಲ ಕಟ್ಟಿದ್ದು ಬೇರೆ ದಾರಿ ಇಲ್ಲದೆ. ನಾನು ಕೊಟ್ಟದ್ದು ದಾರಿ ಇದ್ದೂ.

ಅದೇ ವರ್ಷ ಜುಲೈ 27ರಂದು ನಮ್ಮ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು. ರಾಜ್ಯಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ ಎಂದು ಅದರಲ್ಲಿತ್ತು. ಅದು ಬಳ್ಳಾರಿಯ ಕತೆ ಮಾತ್ರವಲ್ಲ, ಚಿತ್ರದುರ್ಗದ್ದು, ನಮ್ಮ ತುಮಕೂರು ಜಿಲ್ಲೆಯದೂ ಹೌದು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ನಮ್ಮ ಜಿಲ್ಲೆಯಲ್ಲೂ ಗಣಿಗಾರಿಕೆ ನಿಲ್ಲಿಸಿತು. ಆ ವರದಿ ಘೋಷಣೆಯಿಂದ ಹುಟ್ಟಿದ್ದಲ್ಲ. ಅರಣ್ಯ ಇಲಾಖೆಯ ಯು.ವಿ. ಸಿಂಗ್ ಅವರಂಥ ಅಧಿಕಾರಿಗಳು ಪರವಾನಗಿ, ಸಾಗಣೆ, ಬಂದರು, ಬ್ಯಾಂಕುಗಳ ಕಾಗದಗಳನ್ನು ಒಂದಕ್ಕೊಂದು ತಾಳೆ ನೋಡಿ ಕಟ್ಟಿದ್ದು. ಅವರೂ ಸರ್ಕಾರಿ ನೌಕರರೇ. ‘ಸರ್ಕಾರದವರೆಲ್ಲ ಕಳ್ಳರು’ ಎನ್ನುವಾಗ ಇವರನ್ನು ಎಲ್ಲಿ ಕೂರಿಸೋಣ?

ವರದಿ ಬಂದ ನಾಲ್ಕೇ ದಿನಕ್ಕೆ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. 2016ರಲ್ಲಿ ಗಣಿಗೆ ಸಂಬಂಧಿಸಿದ ಒಂದು ಪ್ರಕರಣದಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ಒಂದು ಸುದ್ದಿಗೆ ಒಂದು ಗುಂಪು ಪಟಾಕಿ ಹೊಡೆಯಿತು, ಇನ್ನೊಂದಕ್ಕೆ ಇನ್ನೊಂದು ಗುಂಪು. ವರದಿಯನ್ನಾಗಲಿ ತೀರ್ಪನ್ನಾಗಲಿ ಓದಿದವರು ಎಷ್ಟು ಜನ? ನಾನೂ ಓದಿರಲಿಲ್ಲ.

ಮುಂದಿನದು ನಿಮಗೆ ಗೊತ್ತು. 2015ರಲ್ಲಿ ಲೋಕಾಯುಕ್ತ ಕಚೇರಿಯ ಮೇಲೇ ಲಂಚದ ಆರೋಪ ಬಂತು, ಆಗಿನ ಲೋಕಾಯುಕ್ತರು ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಬೇಲಿಯೇ ಎದ್ದು ಹೊಲ ಮೇಯಿತು ಎಂದರು ಜನ. 2016ರ ಮಾರ್ಚ್‌ನಲ್ಲಿ ಸರ್ಕಾರ ಎಸಿಬಿ ಮಾಡಿ, ಲೋಕಾಯುಕ್ತ ಪೊಲೀಸರ ಅಧಿಕಾರವನ್ನು ಅದಕ್ಕೆ ಕೊಟ್ಟಿತು. ಹೈಕೋರ್ಟು ಅದನ್ನು ರದ್ದು ಮಾಡಿ ಲೋಕಾಯುಕ್ತಕ್ಕೆ ಅಧಿಕಾರ ಮರಳಿಸಿದ್ದು 2022ರ ಆಗಸ್ಟ್‌ನಲ್ಲಿ. ನಡುವೆ ಆರು ವರ್ಷ. ಆ ಆರು ವರ್ಷದಲ್ಲಿ ನಮ್ಮಲ್ಲಿ ಎಷ್ಟು ಜನ ಫ್ರೀಡಂ ಪಾರ್ಕಿಗೆ ಹೋದೆವು? ದೆಹಲಿಯ ಲೋಕಪಾಲಕ್ಕೆ ಕುಣಿದವರು ಮನೆಯ ಲೋಕಾಯುಕ್ತದ ಹಲ್ಲು ಉದುರಿದಾಗ ಸುಮ್ಮನಿದ್ದೆವು. ಟೀವಿಯಲ್ಲಿ ಮಂಚದ ಮೇಲೆ ಹರಡಿದ ಬಂಗಾರ, ನೋಟಿನ ಕಂತೆ ಕಂಡರೆ ಊಟದ ತಟ್ಟೆ ಹಿಡಿದು ನೋಡುತ್ತೇವೆ. ಅದೇ ಪ್ರಕರಣದ ವಿಚಾರಣೆ ವರ್ಷಗಟ್ಟಲೆ ನಡೆಯುವುದನ್ನು ಟೀವಿ ತೋರಿಸುವುದಿಲ್ಲ, ನಾವೂ ಕೇಳುವುದಿಲ್ಲ. ತಪ್ಪು ಮಾಧ್ಯಮದ್ದು ಮಾತ್ರ ಎಂದು ನಾನು ಹೇಳಲಾರೆ. ಸಂತೆಯಲ್ಲಿ ಬಿಕರಿಯಾಗುವುದನ್ನೇ ಅಂಗಡಿಯವನು ತರುತ್ತಾನೆ.

ಈಗ ಐದು ವರ್ಷದಿಂದ ಇಟ್ಟುಕೊಂಡ ಮಾತು.

2018ರಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಒಂದು ಚಿತ್ರ ಬಂತು. ಇದೇ ಶಾಲೆಯ ಅರ್ಧಕ್ಕೆ ನಿಂತ ಕೊಠಡಿ, ತಾರಸಿ ಇಲ್ಲ, ಒಳಗೆ ಜಾಲಿ ಗಿಡ. ಕೆಳಗೆ ಒಂದು ಸಾಲು: ‘ಕೊಠಡಿ ದುಡ್ಡು ನುಂಗಿದವರು ಯಾರು? ಹೆಡ್‌ಮಾಸ್ಟರನ್ನೇ ಕೇಳಿ.’ ಯಾರು ಬರೆದದ್ದೋ ನನಗೆ ಗೊತ್ತಿರಲಿಲ್ಲ. ಮೀಟಿಂಗಿನ ನಡುವೆ ಕೂತಿದ್ದ ನಾನು ಒಂದು ನಿಮಿಷವೂ ಯೋಚಿಸದೆ ‘ಇದೇ ನಮ್ಮ ಸರ್ಕಾರ’ ಎಂದು ಸೇರಿಸಿ ಇನ್ನೂ ಮೂರು ಗುಂಪಿಗೆ ಕಳಿಸಿದೆ. ಬೆಂಗಳೂರಿನಲ್ಲಿ ಇಂಜಿನಿಯರ್ ಆಗಿರುವ ಹುಡುಗನೇ ಕಳಿಸಿದ್ದಾನೆ, ನಿಜವೇ ಇರಬೇಕು ಎಂದು ಊರಿನವರು ಅಂದುಕೊಂಡರು. ನನ್ನ ಓದು ಸುಳ್ಳಿಗೆ ಜಾಮೀನಾಯಿತು.

ಆಗಿನ ಮುಖ್ಯೋಪಾಧ್ಯಾಯರಿಗೆ ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಹೋಟೆಲಿನಲ್ಲಿ ಟೀ ಕುಡಿಯಲು ಹೋದರೆ, ‘ಏನ್ ಸಾ, ಬಿಲ್ಡಿಂಗ್ ಮುಗೀತಾ?’ ಎಂದು ನಗುತ್ತಿದ್ದರಂತೆ. ಅವರು ಹೋಟೆಲಿಗೆ ಹೋಗುವುದನ್ನೇ ಬಿಟ್ಟರಂತೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ನನ್ನ ಸಹಪಾಠಿಯೊಬ್ಬಳು ಮಾತ್ರ ನಾವು ಯಾರೂ ಮಾಡದ ಕೆಲಸ ಮಾಡಿದಳು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದಳು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ಅವಳದು ಐದೇ ಸಾಲು. ಕಾಯ್ದೆಯ 30 ದಿನದೊಳಗೆ ಉತ್ತರ ಬಂತು. ಕೊಠಡಿ ಕಟ್ಟುವ ಹಣ ಶಾಲೆಯ ಖಾತೆಗೆ ಬಂದೇ ಇರಲಿಲ್ಲ, ಕಾಮಗಾರಿ ಬೇರೆಯವರದು, ಎರಡನೇ ಕಂತು ಬಿಡುಗಡೆಯಾಗಿರಲಿಲ್ಲ. ಜೊತೆಗೆ ಇನ್ನೊಂದು ಕಾಗದ: ಆ ಕಂತಿಗಾಗಿ ಮುಖ್ಯೋಪಾಧ್ಯಾಯರು ಬರೆದಿದ್ದ ಪತ್ರಗಳ ಪಟ್ಟಿ. ಏಳು ಪತ್ರ.

ಅವಳು ಆ ಉತ್ತರವನ್ನು ಅದೇ ಗುಂಪಿಗೆ ಹಾಕಿದಳು. ಎರಡು ಹೆಬ್ಬೆರಳು ಬಂದವು. ಯಾರೂ ಮುಂದಕ್ಕೆ ಕಳಿಸಲಿಲ್ಲ. ನಾನೂ ಕಳಿಸಲಿಲ್ಲ, ನಾಚಿಕೆಯಾಗಿತ್ತು. ಅಷ್ಟರಲ್ಲಿ ಸರ್ ನಿವೃತ್ತರಾಗಿದ್ದರು.

ಸರ್, ನೀವು ನನಗೆ ಗಣಿತ ಹೇಳಿಕೊಟ್ಟವರು. ಉತ್ತರ ಸರಿ ಇದ್ದರೂ ಹಂತ ಬರೆಯದಿದ್ದರೆ ಅಂಕ ಕೊಡುತ್ತಿರಲಿಲ್ಲ. ನಾನು ಒಂದು ಹಂತವನ್ನೂ ಬರೆಯದೆ ನಿಮಗೆ ಕಳ್ಳ ಎಂಬ ಉತ್ತರ ಬರೆದೆ. ಅಂದು ಮೂರು ಗುಂಪಿನಲ್ಲಿ ಹೇಳಿದ್ದಕ್ಕೆ ಇಂದು ಮೈಕಿನಲ್ಲಿ ಕ್ಷಮೆ ಕೇಳುತ್ತೇನೆ. ಈ ಮಾತು ಸ್ಮರಣ ಸಂಚಿಕೆಯಲ್ಲೂ ಅಚ್ಚಾಗಲಿ ಎಂದು ಸಂಪಾದಕರಲ್ಲಿ ಕೇಳಿಕೊಂಡಿದ್ದೇನೆ.

ಬಂಧುಗಳೇ, ಅನುಮಾನವೇ ಬೇಡ ಎಂದು ನಾನು ಹೇಳುತ್ತಿಲ್ಲ. ನಾನು ಬದುಕುವುದೇ ಅನುಮಾನದ ಮೇಲೆ. ನಮ್ಮ ಕೆಲಸದಲ್ಲಿ ಇಪ್ಪತ್ತು ವರ್ಷ ಅನುಭವ ಇರುವವರು ಬರೆದದ್ದನ್ನೂ ಇನ್ನೊಬ್ಬರು ಸಾಲುಸಾಲಾಗಿ ನೋಡದೆ ಮುಂದೆ ಬಿಡುವುದಿಲ್ಲ. ಯಾರು, ಯಾವಾಗ, ಏನು ಬದಲಿಸಿದರು ಎಂಬುದು ದಾಖಲಾಗುತ್ತದೆ. ಅದರಿಂದ ಯಾರಿಗೂ ಅವಮಾನ ಆಗುವುದಿಲ್ಲ, ಏಕೆಂದರೆ ಎಲ್ಲರ ಕೆಲಸವನ್ನೂ ನೋಡುತ್ತಾರೆ, ಕೆಲಸವನ್ನು ನೋಡುತ್ತಾರೆಯೇ ಹೊರತು ಮನುಷ್ಯನ ಮುಖವನ್ನಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದೂ ಇದನ್ನೇ. ಅನುಮಾನ ಬೇರೆ, ತಿರಸ್ಕಾರ ಬೇರೆ. ಅನುಮಾನ ಅರ್ಜಿ ಬರೆಯುತ್ತದೆ. ತಿರಸ್ಕಾರ ಫಾರ್ವರ್ಡ್ ಮಾಡುತ್ತದೆ.

‘ಎಲ್ಲರೂ ಕಳ್ಳರು’ ಎಂಬ ಮಾತು ಯಾರಿಗೆ ಇಷ್ಟ ಹೇಳಿ? ನಿಜವಾದ ಕಳ್ಳನಿಗೆ. ಎಲ್ಲರೂ ಕಳ್ಳರಾದರೆ ಅವನೊಬ್ಬನನ್ನು ಹುಡುಕುವವರು ಯಾರು? ಏಳು ಪತ್ರ ಬರೆದವರಿಗೂ ಒಂದೂ ಬರೆಯದವರಿಗೂ ಒಂದೇ ಹೆಸರಾದರೆ, ಎಂಟನೇ ಪತ್ರ ಯಾರು ಬರೆಯುತ್ತಾರೆ? ಸರ್ಕಾರದ್ದು ಏನಿದ್ದರೂ ಕೆಟ್ಟದ್ದು ಎಂದುಕೊಂಡ ಮೇಲೆ, ನಾವು ಮಕ್ಕಳನ್ನು ಸರ್ಕಾರಿ ಶಾಲೆಯಿಂದ ಬಿಡಿಸುತ್ತೇವೆ. ಆಮೇಲೆ ಮಕ್ಕಳಿಲ್ಲ ಎಂದು ಶಾಲೆ ಮುಚ್ಚಿದರೆ, ನೋಡಿ ನಾವು ಹೇಳಿರಲಿಲ್ಲವೇ ಎನ್ನುತ್ತೇವೆ. ನಾನು ಓದಿದ್ದು ಸರ್ಕಾರಿ ಶಾಲೆಯಲ್ಲಿ. ಇಲ್ಲಿ ಕೂತ ನೂರಾರು ಜನ ಓದಿದ್ದೂ ಇಲ್ಲೇ. ‘ಇದೇ ನಮ್ಮ ಸರ್ಕಾರ’ ಎಂದು ನಾನು ಹಂಗಿಸಿ ಬರೆದಿದ್ದೆ. ಈ ಅಂಗಳ ನೋಡಿಕೊಂಡು ಅದನ್ನೇ ಹೆಮ್ಮೆಯಿಂದಲೂ ಹೇಳಬಹುದಿತ್ತು.

ಕೇಳುವುದಕ್ಕೆ ದಾರಿಗಳಿವೆ. ಮಾಹಿತಿ ಹಕ್ಕಿದೆ. ಸಕಾಲ ಕಾಯ್ದೆ ಇದೆ, ಅರ್ಜಿ ಕೊಟ್ಟ ದಿನ ಸಂಖ್ಯೆ ಇರುವ ಸ್ವೀಕೃತಿ ಪಡೆಯಿರಿ. ಸಕಾಲದ ಸೇವೆಗೆ ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. ಗ್ರಾಮ ಪಂಚಾಯಿತಿಯ ಲೆಕ್ಕ ಜಮಾಬಂದಿಯಲ್ಲಿ ನೋಡಲು ಸಿಗುತ್ತದೆ. ಗ್ರಾಮಸಭೆಗೆ ಹೋಗಿ. ‘ಎಲ್ಲಾ ತಿಂದ್ರು’ ಎನ್ನಬೇಡಿ, ‘ನಮ್ಮ ಬೀದಿ ಚರಂಡಿಗೆ ಎಷ್ಟು ಬಂತು, ಬಿಲ್ಲು ತೋರಿಸಿ’ ಎನ್ನಿ. ಮೊದಲನೆಯದಕ್ಕೆ ನಗುತ್ತಾರೆ. ಎರಡನೆಯದಕ್ಕೆ ಕಡತ ತೆಗೆಯಬೇಕಾಗುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ಈ ಸುವರ್ಣ ಮಹೋತ್ಸವಕ್ಕೆ ನಾವು ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿದ್ದೇವೆ. ಶಾಮಿಯಾನ, ಊಟ, ಮೈಕು, ಈ ಸಂಚಿಕೆಯ ಅಚ್ಚು, ಎಲ್ಲದರ ಲೆಕ್ಕ ಶಾಲೆಯ ಗೇಟಿನ ಪಕ್ಕದ ಗೋಡೆಗೆ ಒಂದು ಕಪ್ಪು ಹಲಗೆ ಹಾಕಿ ಬರೆಯೋಣ. ಬಿಲ್ಲುಗಳು ಎಸ್‌ಡಿಎಂಸಿ ಅಧ್ಯಕ್ಷರ ಹತ್ತಿರ ಇರಲಿ, ಕೇಳಿದವರೆಲ್ಲ ನೋಡಲಿ. ಸರ್ಕಾರದ ಲೆಕ್ಕ ಕೇಳುವ ಮೊದಲು ನಮ್ಮ ಲೆಕ್ಕ ತೋರಿಸೋಣ. ಆಮೇಲೆ ಅದೇ ಹಲಗೆಯ ಇನ್ನೊಂದು ಅರ್ಧದಲ್ಲಿ ಶಾಲೆಗೆ ಬಂದ ಅನುದಾನ, ಬರಬೇಕಾದ ಕಂತು, ಬರೆದ ಪತ್ರಗಳ ದಿನಾಂಕ ಬರೆಯೋಣ.

ಮಕ್ಕಳೇ, ಪ್ರಾರ್ಥನೆ ಮುಗಿದ ಮೇಲೆ ಪತ್ರಿಕೆಯ ಮುಖ್ಯಾಂಶ ಓದುತ್ತೀರಲ್ಲ, ವಾರಕ್ಕೊಮ್ಮೆ ಆ ಹಲಗೆಯನ್ನೂ ಓದಿ. ಕೂಡಿ ನೋಡಿ. ತಪ್ಪು ಸಿಕ್ಕರೆ ಕೈ ಎತ್ತಿ. ಹಲಗೆ ಬರೆಯುವ ಕೆಲಸ ಮೊದಲ ವರ್ಷ ನನ್ನದು, ತಿಂಗಳಿಗೊಮ್ಮೆ ಬೆಂಗಳೂರಿನಿಂದ ಬರುತ್ತೇನೆ. ಹಂತ ಬಿಡದೆ ಬರೆಯುತ್ತೇನೆ ಸರ್. ತಿದ್ದುವ ಕೆಲಸ ನಿಮ್ಮದು.