ಪರದೆಯ ಹಗ್ಗವೂ ಮಗುವಿನ ಕೊರಳೂ

(ಗ್ರಾಮೀಣ ದಂಪತಿಗಳ ಸಭೆಯಲ್ಲಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣದ ಪಠ್ಯ)



ಮಕ್ಕಳ ಆರೋಗ್ಯವೆಂದೊಡನೆ ನಮ್ಮ ನೆನಪಿಗೆ ಬರುವುದು ಎದೆಹಾಲು, ಚುಚ್ಚುಮದ್ದು, ಶುದ್ಧವಾದ ನೀರು. ಇವುಗಳ ಮಹತ್ವವನ್ನು ತಾವೆಲ್ಲರೂ ಬಲ್ಲಿರಿ. ಆದರೆ ರೋಗಾಣುಗಳಿಂದ ಬಾರದ, ಯಾವ ಲಸಿಕೆಗೂ ನಿಲ್ಲದ ಇನ್ನೊಂದು ಬಗೆಯ ಅಪಾಯವು ಮನೆಯೊಳಗೇ ಇದೆ. ಅದೇ ತೂಗಾಡುವ ಹಗ್ಗ. ಕಿಟಕಿಯ ಪರದೆಯನ್ನು ಏರಿಸಲು ಇಳಿಸಲು ಕಟ್ಟಿದ ಹಗ್ಗ, ಜಗಲಿಯ ಬಿದಿರಿನ ಚಿಕ್ ಪರದೆಯ ಹಗ್ಗ, ತೊಟ್ಟಿಲಿನ ಹಗ್ಗ, ಸೀರೆಯ ಜೋಲಿ, ಇವೆಲ್ಲವೂ ಒಂದೇ ಜಾತಿಗೆ ಸೇರಿದವು. ಇಂದಿನ ಭಾಷಣದಲ್ಲಿ ಮುಖ್ಯವಾಗಿ ಪರದೆಯ ಹಗ್ಗದ ವಿಚಾರವನ್ನು ಹೇಳಬಯಸುತ್ತೇನೆ. ಏಕೆಂದರೆ, ಒಂದು ಸಾಮಾನ್ಯ ವಸ್ತುವನ್ನು ಮಗುವಿನ ಪ್ರಾಣಕ್ಕೆ ಅಪಾಯವಾಗದಂತೆ ಮಾರ್ಪಡಿಸುವುದು ಹೇಗೆಂಬುದಕ್ಕೆ ಇದು ಒಳ್ಳೆಯ ಪಾಠವಾಗಿದೆ.

“ನಮ್ಮ ಹಳ್ಳಿಯ ಮನೆಗೆ ಅಂತಹ ಪರದೆ ಎಲ್ಲಿಂದ ಬಂತು?” ಎಂದು ತಮ್ಮಲ್ಲಿ ಕೆಲವರು ಕೇಳಬಹುದು. ಬಿಸಿಲು ಮಳೆಗಳನ್ನು ತಡೆಯಲು ಜಗಲಿಗೆ ಇಳಿಬಿಟ್ಟ ಬಿದಿರಿನ ಚಿಕ್ಕನ್ನು ನೆನಪಿಸಿಕೊಳ್ಳಿರಿ. ಹೊಸದಾಗಿ ಕಟ್ಟಿದ ತಾರಸಿ ಮನೆಗಳಲ್ಲಿಯೂ, ಕಚೇರಿಗಳಲ್ಲಿಯೂ ಸುರುಳಿ ಪರದೆಗಳೂ ಪಟ್ಟಿ ಪರದೆಗಳೂ ಬಂದಿವೆ. ಪಟ್ಟಣದಲ್ಲಿರುವ ಮಗಳ ಮನೆಗೆ ಮೊಮ್ಮಗುವನ್ನು ಆಡಿಸಲು ಹೋಗುವ ಅಜ್ಜ ಅಜ್ಜಿಯರಿಗೂ ಈ ತಿಳಿವಳಿಕೆ ಅಗತ್ಯ.

ಕೂಗು ಏಕೆ ಕೇಳಿಸುವುದಿಲ್ಲ?

ಕುತ್ತಿಗೆಗೆ ಹಗ್ಗ ಬಿಗಿದರೆ ಮಗು ಕಿರುಚುತ್ತದೆ, ನಾವು ಓಡಿಹೋಗಿ ಬಿಡಿಸಬಹುದು ಎಂಬುದು ಅನೇಕರ ನಂಬಿಕೆ. ಇದು ತಪ್ಪು. ಶಬ್ದ ಹೊರಡಬೇಕಾದರೆ ಗಾಳಿಯು ಗಂಟಲಿನಲ್ಲಿ ಹರಿಯಬೇಕು. ಶ್ವಾಸನಾಳವು ಅದುಮಿದಾಗ ಅಳುವಾಗಲಿ ಕೂಗಾಗಲಿ ಹೊರಡುವುದಿಲ್ಲ.

ಕೊರಳಿನ ಇಕ್ಕೆಲಗಳಲ್ಲಿ ಮೆದುಳಿಗೆ ರಕ್ತವನ್ನು ಒಯ್ಯುವ ಮತ್ತು ಅಲ್ಲಿಂದ ಮರಳಿ ತರುವ ರಕ್ತನಾಳಗಳಿವೆ. ವಯಸ್ಕರಲ್ಲಿಯೇ ರಕ್ತವನ್ನು ಮರಳಿ ತರುವ ನಾಳವನ್ನು ಮುಚ್ಚಲು ಸುಮಾರು 2 ಕಿಲೋಗ್ರಾಂ ಭಾರ ಸಾಕೆಂದೂ, ಒಯ್ಯುವ ನಾಳಕ್ಕೆ ಸುಮಾರು 5 ಕಿಲೋಗ್ರಾಂ ಸಾಕೆಂದೂ ವೈದ್ಯಶಾಸ್ತ್ರದ ಗ್ರಂಥಗಳು ಹೇಳುತ್ತವೆ. ಒಂದು ವರ್ಷದ ಮಗುವಿನ ತೂಕವೇ 8ರಿಂದ 10 ಕಿಲೋಗ್ರಾಂ ಇರುತ್ತದೆ. ಆದುದರಿಂದ ಮಗು ನೆಲ ಬಿಟ್ಟು ನೇತಾಡಬೇಕಾಗಿಲ್ಲ; ಕಾಲು ನೆಲದ ಮೇಲಿದ್ದು, ಮೊಣಕಾಲು ಮಡಿಸಿ ಮುಂದಕ್ಕೆ ಬಾಗಿದರೂ ಸಾಕು. ರಕ್ತಸಂಚಾರ ನಿಂತರೆ ಹತ್ತು ಹದಿನೈದು ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪಬಹುದು. ಕೆಲವೇ ನಿಮಿಷಗಳಲ್ಲಿ ಮೆದುಳಿಗೆ ಸರಿಪಡಿಸಲಾಗದ ಹಾನಿಯಾಗುತ್ತದೆ.

ಮಗುವಿನ ದೇಹರಚನೆಯೂ ಇದಕ್ಕೆ ಕಾರಣ. ಹುಟ್ಟಿದ ಮಗುವಿನ ಒಟ್ಟು ಉದ್ದದಲ್ಲಿ ಸುಮಾರು ಕಾಲು ಭಾಗ ತಲೆಯೇ ಆಗಿರುತ್ತದೆ. ವಯಸ್ಕರಲ್ಲಿ ಅದು ಸುಮಾರು ಎಂಟನೆಯ ಒಂದು ಭಾಗ. ಹೀಗೆ ತಲೆ ಭಾರ, ಕುತ್ತಿಗೆಯ ಸ್ನಾಯುಗಳು ದುರ್ಬಲ, ಶ್ವಾಸನಾಳ ಮೃದು. ಸಿಕ್ಕಿಕೊಂಡ ಹಗ್ಗವನ್ನು ಬಿಡಿಸಿಕೊಳ್ಳುವ ಬುದ್ಧಿಯಾಗಲಿ ಶಕ್ತಿಯಾಗಲಿ ಆ ವಯಸ್ಸಿನಲ್ಲಿ ಇರುವುದಿಲ್ಲ.

ನಾನು ಗ್ರಾಮಾಂತರ ಸೇವೆಯಲ್ಲಿದ್ದಾಗ ಎರಡು ವರ್ಷದ ಗಂಡುಮಗುವೊಂದನ್ನು ಆರೋಗ್ಯ ಕೇಂದ್ರಕ್ಕೆ ಎತ್ತಿಕೊಂಡು ಬಂದರು. ಮಂಚದ ಮೇಲೆ ನಿಂತು ಕಿಟಕಿಯ ಪರದೆಯ ಹಗ್ಗದೊಡನೆ ಆಡುತ್ತಿದ್ದ ಮಗು. ತಾಯಿ ಪಕ್ಕದ ಕೋಣೆಯಲ್ಲಿಯೇ ಇದ್ದಳು. ನಮ್ಮ ಬಳಿಗೆ ತರುವ ವೇಳೆಗೆ ಪ್ರಾಣ ಹೋಗಿತ್ತು. “ಅವನು ಅಳಲೇ ಇಲ್ಲವಲ್ಲ” ಎಂಬ ಒಂದೇ ಮಾತನ್ನು ಆ ತಾಯಿ ಮತ್ತೆ ಮತ್ತೆ ಆಡುತ್ತಿದ್ದಳು. ನೆರೆದವರು ಆಕೆಯನ್ನೇ ದೂರಿದರು. ಆದರೆ ಒಲೆಯ ಮೇಲಿನ ಹಾಲನ್ನು ಇಳಿಸಿ ಬರುವಷ್ಟು ಹೊತ್ತಿನಲ್ಲಿ, ಸದ್ದಿಲ್ಲದೆ ನಡೆದುಹೋಗುವ ಅವಘಡಕ್ಕೆ ತಾಯಿಯನ್ನು ದೂರುವುದು ನ್ಯಾಯವಲ್ಲ. ದೂರಬೇಕಾದುದು ಆ ಹಗ್ಗವನ್ನು. ತಿದ್ದಬೇಕಾದುದು ಆ ಪರದೆಯ ರಚನೆಯನ್ನು.

ಪರದೇಶಗಳ ಅನುಭವ

ಇಂತಹ ಪರದೆಗಳು ಮನೆಮನೆಯಲ್ಲಿಯೂ ಇರುವ ಅಮೆರಿಕದಲ್ಲಿ 1981ರಿಂದ 1995ರವರೆಗಿನ ಅವಧಿಯಲ್ಲಿ ಕಿಟಕಿ ಪರದೆಯ ಹಗ್ಗದಿಂದ ಸಂಭವಿಸಿದ 183 ಮಕ್ಕಳ ಸಾವುಗಳನ್ನು ಸಂಶೋಧಕರು ಗುರುತಿಸಿ, 1997ರಲ್ಲಿ ಪ್ರಕಟಿಸಿದರು. ಆ ಮಕ್ಕಳಲ್ಲಿ ನೂರಕ್ಕೆ 93 ಮಂದಿ ಮೂರು ವರ್ಷ ಅಥವಾ ಅದಕ್ಕಿಂತ ಚಿಕ್ಕವರು.

ಅಲ್ಲಿ ಸುಧಾರಣೆಯು ಹಂತಹಂತವಾಗಿ ಬಂದಿತು. ಮೊದಲು ಎರಡು ಹಗ್ಗಗಳ ತುದಿಗಳನ್ನು ಕೆಳಗೆ ಒಂದೇ ಗೊಂಡೆಯಲ್ಲಿ ಸೇರಿಸಿ ಕಟ್ಟುತ್ತಿದ್ದರು, ಅದು ಕುಣಿಕೆಯಂತಾಗುತ್ತಿತ್ತು. 1995ರಿಂದ ಆ ಕುಣಿಕೆಯನ್ನು ಕೈಬಿಟ್ಟು, ಪ್ರತಿಯೊಂದು ಹಗ್ಗಕ್ಕೂ ಬೇರೆ ಬೇರೆ ಗೊಂಡೆಯನ್ನು ಇಟ್ಟರು. ಆದರೂ ಸಾವುಗಳು ನಿಲ್ಲಲಿಲ್ಲ. ಪಟ್ಟಿಗಳ ನಡುವೆ ಹಾದುಹೋಗುವ ಒಳಹಗ್ಗವನ್ನು ಮಗು ಹೊರಕ್ಕೆ ಎಳೆದರೆ ಅದೂ ಕುಣಿಕೆಯಾಗುವುದೆಂದು ಕಂಡುಬಂದಿತು. 2000ರಲ್ಲಿ ಸುಮಾರು 8 ಕೋಟಿ 50 ಲಕ್ಷ ಪರದೆಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಯಲಾಯಿತು. 2009ರಲ್ಲಿ ಮಡಿಕೆ ಪರದೆ ಮತ್ತು ಸುತ್ತು ಪರದೆಗಳ ಸರದಿ ಬಂದಿತು. ಆಗ 5 ಕೋಟಿಗೂ ಮಿಕ್ಕಿದವನ್ನು ಹಿಂದಕ್ಕೆ ಕರೆದರು. ಕೊನೆಗೆ 2018ರ ಡಿಸೆಂಬರ್ ತಿಂಗಳಿನಿಂದ, ಅಂಗಡಿಯಲ್ಲಿ ಸಿದ್ಧವಾಗಿ ಮಾರುವ ಪರದೆಗಳಲ್ಲಿ ಹಗ್ಗವೇ ಇರಬಾರದು, ಇದ್ದರೂ ಕೈಗೆ ಎಟುಕಬಾರದು ಅಥವಾ ತೀರ ಗಿಡ್ಡವಾಗಿರಬೇಕು ಎಂಬ ಮಾನಕವು ಜಾರಿಗೆ ಬಂದಿತು.

ಒಂದು ದೋಷವನ್ನು ತೇಪೆ ಹಾಕಿ ಮುಚ್ಚಿದರೆ ಇನ್ನೊಂದು ದೋಷ ತಲೆಯೆತ್ತುತ್ತದೆ. ಅಪಾಯದ ಬೇರನ್ನೇ ಕಿತ್ತರೆ ಮಾತ್ರ ನೆಮ್ಮದಿ. ಈ ಸತ್ಯವನ್ನು ಅರಿಯಲು ಆ ದೇಶಕ್ಕೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳು ಬೇಕಾದುವು. ನಾವು ಅಷ್ಟು ಕಾಲ ಕಾಯಬೇಕಾಗಿಲ್ಲ.

ಸುರಕ್ಷಿತ ರಚನೆಯ ಮಾರ್ಗಗಳು

ಮೊದಲನೆಯದೂ ಉತ್ತಮವಾದುದೂ ಹಗ್ಗವೇ ಇಲ್ಲದ ಪರದೆ. ಇದು ಹೊಸ ಕಲ್ಪನೆಯೇನೂ ಅಲ್ಲ. ಅಮೆರಿಕದ ಸ್ಟೀವರ್ಟ್ ಹಾರ್ಟ್ಸ್‌ಹಾರ್ನ್ ಎಂಬಾತನು 1864ರಲ್ಲಿಯೇ ಸ್ಪ್ರಿಂಗ್ ಇರುವ ಸುರುಳಿ ಪರದೆಗೆ ಹಕ್ಕುಸ್ವಾಮ್ಯವನ್ನು ಪಡೆದಿದ್ದನು. ಬಟ್ಟೆಯನ್ನು ಕೆಳಕ್ಕೆ ಎಳೆದಾಗ ಕೊಳವೆಯೊಳಗಿನ ಸ್ಪ್ರಿಂಗ್ ಬಿಗಿಯುತ್ತದೆ. ಒಂದು ಕೊಕ್ಕೆ ಅದನ್ನು ಹಿಡಿದು ನಿಲ್ಲಿಸುತ್ತದೆ. ಮೆಲ್ಲನೆ ಜಗ್ಗಿ ಬಿಟ್ಟರೆ ಕೊಕ್ಕೆ ಕಳಚಿ ಬಟ್ಟೆ ತಾನಾಗಿಯೇ ಸುತ್ತಿಕೊಳ್ಳುತ್ತದೆ. ಈಗ ಪಟ್ಟಿ ಪರದೆಗಳಲ್ಲಿಯೂ ಮೇಲಿನ ಪೆಟ್ಟಿಗೆಯೊಳಗೆ ಸ್ಪ್ರಿಂಗ್ ಅಳವಡಿಸುತ್ತಾರೆ. ಕೆಳಪಟ್ಟಿಯನ್ನು ಕೈಯಿಂದ ಎತ್ತಿದರೆ ಏರುತ್ತದೆ, ಒತ್ತಿದರೆ ಇಳಿಯುತ್ತದೆ. ಹಗ್ಗದ ಬದಲು ಗಟ್ಟಿಯಾದ ಕೋಲನ್ನು ಇಡುವುದೂ ಉಂಟು. ಕೋಲು ಕೊರಳಿಗೆ ಸುತ್ತಿಕೊಳ್ಳಲಾರದು.

ಎರಡನೆಯದು, ಹಗ್ಗವಿದ್ದರೂ ಅದು ಮಗುವಿನ ಕೈಗೆ ಸಿಗದಂತೆ ಕೊಳವೆಯೊಳಗೆ ಅಡಗಿಸುವುದು.

ಮೂರನೆಯದು, ಕೊರಳಿಗೆ ಸುತ್ತಲಾಗದಷ್ಟು ಹಗ್ಗವನ್ನು ಗಿಡ್ಡ ಮಾಡುವುದು. ಕೆನಡಾ ದೇಶವು 2019ರಲ್ಲಿ ರೂಪಿಸಿದ ನಿಯಮದ ಪ್ರಕಾರ ಕೈಗೆ ಎಟುಕುವ ಬಿಡಿ ತುದಿಯ ಹಗ್ಗವು 22 ಸೆಂಟಿಮೀಟರಿಗಿಂತ ಉದ್ದವಿರಬಾರದು. ಕುಣಿಕೆಯ ಸುತ್ತಳತೆ 44 ಸೆಂಟಿಮೀಟರನ್ನು ಮೀರಬಾರದು. ಒಂದು ವರ್ಷದ ಮಗುವಿನ ತಲೆಯ ಸುತ್ತಳತೆ ಸುಮಾರು 45 ಸೆಂಟಿಮೀಟರ್ ಎಂಬುದನ್ನು ನೆನೆದರೆ ಈ ಅಳತೆಯ ಅರ್ಥ ತಿಳಿಯುತ್ತದೆ.

ನಾಲ್ಕನೆಯದು, ಸುತ್ತು ಸರಪಳಿಯಂತೆ ಕುಣಿಕೆಯು ಇರಲೇಬೇಕಾದಲ್ಲಿ, ಅದರ ಕೆಳತುದಿಯನ್ನು ಗೋಡೆಗೆ ಮೊಳೆಯಿಂದ ಬಿಗಿದ ಹಿಡಿಕೆಯಲ್ಲಿ ಸೇರಿಸಿ, ತಂಬೂರಿಯ ತಂತಿಯಂತೆ ಸೆಟೆದು ನಿಲ್ಲಿಸುವುದು. ಸಡಿಲವಿಲ್ಲದ ಕುಣಿಕೆಯೊಳಗೆ ತಲೆ ತೂರುವುದಿಲ್ಲ.

ಐದನೆಯದು, ಭಾರ ಬಿದ್ದೊಡನೆ ಕಳಚಿಕೊಳ್ಳುವ ಕೊಂಡಿ.

ಇವೆಲ್ಲಕ್ಕೂ ಕೊನೆಯದು, ಹಗ್ಗವನ್ನು ಎತ್ತರದ ಗೂಟಕ್ಕೆ ಸುತ್ತಿಡುವುದು. ಇದು ಅಗ್ಗವಾದುದು, ಆದರೆ ಪ್ರತಿದಿನವೂ, ಪ್ರತಿಸಲವೂ ನೆನಪಿಟ್ಟು ಸುತ್ತಬೇಕು. ಮನುಷ್ಯನ ನೆನಪನ್ನೇ ನಂಬಿದ ಕಾವಲು ಒಂದಲ್ಲ ಒಂದು ದಿನ ತಪ್ಪುತ್ತದೆ. ಹಬ್ಬದ ದಿನ, ನೆಂಟರು ಬಂದ ದಿನ, ಸುಗ್ಗಿಯ ದಿನ ಯಾರಿಗೆ ಗೂಟದ ನೆನಪಿರುತ್ತದೆ? ಆದುದರಿಂದ, ತಾನಾಗಿಯೇ ಕಾಯುವ ರಚನೆಯನ್ನು ಮೊದಲು ಆರಿಸಿರಿ. ಅದು ಸಾಧ್ಯವಾಗದಿದ್ದಾಗ ಮಾತ್ರ ಗೂಟವನ್ನು ಆಶ್ರಯಿಸಿರಿ.

ನಮ್ಮ ಮನೆಗಳಲ್ಲಿ ಏನು ಮಾಡಬೇಕು?

ನಮ್ಮ ಬಿದಿರಿನ ಚಿಕ್ಕಿನಲ್ಲಿ ಎರಡು ಹಗ್ಗಗಳು ಪರದೆಯ ಹಿಂದಿನಿಂದ ಇಳಿದು, ಸುರುಳಿಯನ್ನು ಕೆಳಗಿನಿಂದ ಬಳಸಿ, ಮುಂಭಾಗದಲ್ಲಿ ಮೇಲೇರುತ್ತವೆ. ಪರದೆ ಇಳಿದಾಗ ಈ ಹಗ್ಗಗಳೇ ಉದ್ದನೆಯ ಕುಣಿಕೆಗಳು. ಪರದೆ ಏರಿದಾಗ ಎಳೆದ ಹಗ್ಗವೆಲ್ಲವೂ ಪಕ್ಕದಲ್ಲಿ ನೆಲದವರೆಗೆ ಜೋತಾಡುತ್ತದೆ. ಹೀಗೆ ಏರಿದರೂ ಅಪಾಯ, ಇಳಿದರೂ ಅಪಾಯ.

ಪರಿಹಾರವು ಕಷ್ಟದ್ದಲ್ಲ. ಹಗ್ಗವನ್ನು ಪೂರ್ತಿಯಾಗಿ ತೆಗೆದುಬಿಡಿರಿ. ಮೇಲಿನ ತೊಲೆಗೆ ಎರಡು ಕಡೆ ಕಬ್ಬಿಣದ ಕೊಕ್ಕೆಗಳನ್ನು ಬಲವಾಗಿ ಬಡಿಯಿರಿ. ಚಿಕ್ಕನ್ನು ಕೈಯಿಂದ ಸುತ್ತಿ ಆ ಕೊಕ್ಕೆಗಳ ಮೇಲೆ ಕೂರಿಸಿರಿ. ಗಂಡಹೆಂಡಿರು ಇಬ್ಬರು ಆಚೆಯೀಚೆ ನಿಂತರೆ ಅರೆ ನಿಮಿಷದ ಕೆಲಸ. ಮನೆಯೊಳಗಿನ ಕಿಟಕಿಗಾದರೋ, ಸರಳಿನ ಮೇಲೆ ಪಕ್ಕಕ್ಕೆ ಸರಿಯುವ ಸಾಧಾರಣ ಬಟ್ಟೆಯ ಪರದೆಯೇ ಲೇಸು. ಅದಕ್ಕೆ ಹಗ್ಗವೇ ಬೇಡ.

ಹಗ್ಗವನ್ನು ತೆಗೆಯಲಾಗದಿದ್ದರೆ, ಅದನ್ನು ಸುತ್ತಿಡುವ ಗೂಟವು ನೆಲದಿಂದ 160 ಸೆಂಟಿಮೀಟರಿಗಿಂತ, ಅಂದರೆ ಸುಮಾರು ಐದೂಕಾಲು ಅಡಿಗಿಂತ ಮೇಲಿರಲಿ. ಹಗ್ಗವನ್ನು ಪೂರ್ತಿಯಾಗಿ ಸುತ್ತಿರಿ, ತುದಿ ಇಳಿಬೀಳದಿರಲಿ. ಎರಡು ತುದಿಗಳನ್ನು ಒಟ್ಟಿಗೆ ಗಂಟು ಹಾಕಬೇಡಿರಿ. ತೊಟ್ಟಿಲು, ಮಂಚ, ಕುರ್ಚಿ, ಪೆಟ್ಟಿಗೆ ಯಾವುದನ್ನೂ ಆ ಕಿಟಕಿಯ ಕೆಳಗೆ ಇಡಬೇಡಿರಿ. ಮಗು ಅವುಗಳನ್ನು ಹತ್ತಿದರೆ ನಿಮ್ಮ ಗೂಟದ ಎತ್ತರ ವ್ಯರ್ಥವಾಗುತ್ತದೆ.

ಇದೇ ನ್ಯಾಯ ಜೋಲಿಗೂ ಸಲ್ಲುತ್ತದೆ. ಎಳೆಗೂಸಿಗೆ ಕಟ್ಟಿದ ಸೀರೆಯಲ್ಲಿ ದೊಡ್ಡ ಮಕ್ಕಳು ಕುಳಿತು ತಿರುಚಿ ತಿರುಚಿ ಆಡುವಾಗ ಅದು ಕೊರಳಿಗೆ ಬಿಗಿದು ಪ್ರಾಣ ಹೋದ ಪ್ರಸಂಗಗಳು ನಮ್ಮ ದೇಶದ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಕೂಸನ್ನು ಎತ್ತಿಕೊಂಡೊಡನೆ ಜೋಲಿಯನ್ನು ಬಿಚ್ಚಿ ಮೇಲಕ್ಕೆ ಕಟ್ಟಿರಿ. ತೊಟ್ಟಿಲಿಗೆ ಅಡ್ಡಲಾಗಿ ದಾರದಲ್ಲಿ ಗಿಲಕಿ ಕಟ್ಟಿದ್ದರೆ, ಮಗು ಕೈ ಮೊಣಕಾಲುಗಳ ಮೇಲೆ ಮೈಯೆತ್ತಲು ತೊಡಗಿದೊಡನೆ ಅಥವಾ ಐದು ತಿಂಗಳು ತುಂಬಿದೊಡನೆ, ಯಾವುದು ಮೊದಲೋ ಆಗಲೇ ತೆಗೆಯಿರಿ. ಮಗುವಿನ ಕೊರಳಿನಲ್ಲಿರುವ ಗಟ್ಟಿಯಾದ ಕರಿದಾರವನ್ನೂ ತಾಯಿತವನ್ನೂ ತೆಗೆದಿಡುವುದು ಕ್ಷೇಮ.

ಅವಘಡ ಸಂಭವಿಸಿದರೆ

ಮೊದಲು ಮಗುವನ್ನು ಮೇಲಕ್ಕೆ ಎತ್ತಿ ಹಿಡಿಯಿರಿ. ಇದರಿಂದ ಹಗ್ಗದ ಬಿಗಿತ ತಕ್ಷಣ ಕಡಿಮೆಯಾಗುತ್ತದೆ. ಬಳಿಕ ಹಗ್ಗವನ್ನು ಬಿಡಿಸಿರಿ ಅಥವಾ ಕತ್ತರಿಸಿರಿ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿರಿ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಉಸಿರಾಟವಿಲ್ಲದಿದ್ದರೆ ಗದ್ದವನ್ನು ಮೆಲ್ಲನೆ ಎತ್ತಿ, ಎದೆ ಉಬ್ಬುವಷ್ಟು ಮಾತ್ರ ನಿಮ್ಮ ಬಾಯಿಂದ ಗಾಳಿಯನ್ನು ಊದಿರಿ. ಹಸುಗೂಸಾದರೆ ಅದರ ಬಾಯಿ ಮೂಗುಗಳೆರಡನ್ನೂ ನಿಮ್ಮ ಬಾಯಿಂದ ಮುಚ್ಚಿ ಊದಬೇಕು. ಸ್ವಲ್ಪ ದೊಡ್ಡ ಮಗುವಾದರೆ ಮೂಗನ್ನು ಹಿಡಿದು ಬಾಯಿಯಲ್ಲಿ ಊದಬೇಕು. ಮಗು ಅಲುಗಾಡದಿದ್ದರೆ ಎದೆಯ ನಡುವೆ, ಎದೆಯ ದಪ್ಪದ ಮೂರನೆಯ ಒಂದು ಭಾಗದಷ್ಟು ಒಳಕ್ಕೆ ಹೋಗುವಂತೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಿರಿ. 30 ಸಲ ಒತ್ತಿ 2 ಸಲ ಊದಿರಿ. ಸಹಾಯ ಬರುವವರೆಗೂ ಬಿಡದೆ ಮುಂದುವರಿಸಿರಿ. ಬಾಯಿಗೆ ನೀರು ಹಾಕಬೇಡಿರಿ. ಮಗು ಚೇತರಿಸಿಕೊಂಡು ಅತ್ತರೂ ಆಸ್ಪತ್ರೆಗೆ ತೋರಿಸಲೇಬೇಕು. ಗಂಟಲಿನ ಒಳಭಾಗದ ಬಾವು ಕೆಲವು ಗಂಟೆಗಳ ಅನಂತರ ಉಸಿರಿಗೆ ತೊಂದರೆ ಕೊಡಬಹುದು.

ಕೊನೆಯದಾಗಿ ಒಂದು ಮಾತು

ಮಗುವಿನ ರಕ್ಷಣೆ ತಾಯಿಯೊಬ್ಬಳ ಹೊಣೆಯೆಂದು ಭಾವಿಸುವುದು ನಮ್ಮಲ್ಲಿ ರೂಢಿಯಾಗಿದೆ. ಆಕೆಯ ಕಣ್ಣು ಎಷ್ಟೇ ಎಚ್ಚರವಾಗಿದ್ದರೂ ಎರಡೇ ಕಣ್ಣುಗಳು. ಸುತ್ತಿಗೆ ಹಿಡಿದು ಕೊಕ್ಕೆ ಬಡಿಯುವ ತಂದೆಯೂ ಮಗುವನ್ನು ಕಾಯುವವನೇ. ದಂಪತಿಗಳಿಬ್ಬರೂ ಇಂದು ಸಂಜೆ ಮನೆಯಲ್ಲಿ ಮೊಣಕಾಲೂರಿ, ಮಗುವಿನ ಎತ್ತರದಿಂದ ಒಮ್ಮೆ ಸುತ್ತಲೂ ನೋಡಿರಿ. ಎಲ್ಲೆಲ್ಲಿ ಹಗ್ಗ ತೂಗಾಡುತ್ತಿದೆ, ಎಲ್ಲೆಲ್ಲಿ ಕುಣಿಕೆಯಿದೆ ಎಂಬುದು ಆಗ ಕಾಣುತ್ತದೆ. ಕಂಡುದನ್ನು ನಾಳೆಗೆ ಉಳಿಸದೆ ಇಂದೇ ಸರಿಪಡಿಸಿರಿ. ಇದಕ್ಕೆ ಬೇಕಾದುದು ಎರಡು ಕೊಕ್ಕೆ, ನಾಲ್ಕು ಮೊಳೆ ಮತ್ತು ಒಂದು ಗಳಿಗೆಯ ಶ್ರಮ. ತಮ್ಮ ಮಕ್ಕಳೆಲ್ಲರೂ ಆಯುರಾರೋಗ್ಯವಂತರಾಗಿ ಬೆಳೆಯಲೆಂದು ಹಾರೈಸುತ್ತೇನೆ.